ಕುಣಿಕೋಣೂರಿನ ಉಗುರುಬೆಚ್ಚಗಿನ ನೀರು

ಜತ್ತದಲ್ಲಿ ನಾನು ದುಡಿದ ಅಂಗಡಿಗೆ ಈಗ ಹೊಸಬರು ಸೇರಿದ್ದಾರೆ. ಐಟಿಐ ಮುಗಿಸಿದವರು, ಕೈಯಲ್ಲಿ ನಟ್ಟು ಬಿಗಿಯುವ ಒಳ್ಳೆಯ ಪಾನಾ ಹಿಡಿದವರು. ಸಂತೆಗೆ ಹೋದಾಗ ಅಲ್ಲಿ ಚಹಾಕ್ಕೆ ಕುಳಿತರೆ, "ಕಾಕಾ, ನಿಮ್ಮ ಅನುಭವ ಬರದ ಕೊಡ್ರಿ, ನಮಗ ಉಪಯೋಗ ಆಗ್ತದ" ಅನ್ನುತ್ತಾರೆ. ನಾನು ಮೂವತ್ತೆಂಟು ವರ್ಷ ನಳದ ಕೆಲಸ ಮಾಡಿದವನು. ಕಬ್ಬಿಣದ ಪೈಪಿಗೆ ಸುತಳಿ ಸುತ್ತಿ, ಸಫೇದಾ ಎಂಬ ಬಿಳಿ ಲೇಪ ಹಚ್ಚಿ, ಹಲ್ಲು ಕಚ್ಚಿ ಬಿಗಿಯುತ್ತಿದ್ದ ಕಾಲದಿಂದ ಹಿಡಿದು, ಪ್ಲಾಸ್ಟಿಕ್ ಪೈಪನ್ನು ಕತ್ತರಿಯಿಂದ ಕತ್ತರಿಸಿ ಅಂಟು ಬಳಿದು ಕೂಡಿಸುವ ಕಾಲದವರೆಗೂ ನೋಡಿದೆ. ಕೊನೆಗೆ ಮೊಣಕಾಲು ಕೈಕೊಟ್ಟಿತು, ಬಿಟ್ಟೆ. ಪೈಪು ಹೇಗೆ ಕೂಡಿಸಬೇಕೆಂಬುದು ನಿಮ್ಮ ಫೋನಿನಲ್ಲೇ ಇದೆ, ಅದನ್ನು ನಾನು ಬರೆಯುವುದಿಲ್ಲ. ಫೋನಿನಲ್ಲಿ ಸಿಗದ ಒಂದು ಸಂಗತಿ ಇದೆ. ಅದನ್ನು ಬರೆಯುತ್ತೇನೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಓದಿದ ಮೇಲೆ ನೀವು ನನಗೆ ಚಹಾ ಕೊಡಿಸುವುದನ್ನು ಬಿಟ್ಟರೂ ಬಿಟ್ಟೀರಿ.

ನಮ್ಮ ಕಸುಬಿನಲ್ಲಿ ಸೋರುವ ಪೈಪು ಸುಲಭದ್ದು. ಎಲ್ಲಿ ಒದ್ದೆಯೋ ಅಲ್ಲಿ ತಪ್ಪು. ನೀರು ಬಾರದಿದ್ದರೂ ಸುಲಭವೇ, ಎಲ್ಲೋ ಕಟ್ಟಿಕೊಂಡಿದೆ ಅಂತ ಗೊತ್ತು. ಕಷ್ಟದ್ದೆಂದರೆ, ಹೊಸ ಬಾಯ್ಲರ್ ಕೂಡ್ರಿಸಿ ಬಂದ ಮೇಲೆ, "ನೀರು ಬರ್ತದ, ಆದ್ರ ಕಾವೇ ಇಲ್ಲ" ಎಂಬ ಕರೆ. ದೀಪ ಹತ್ತಿರುತ್ತದೆ, ಒಳಗೆ ಸುಂಯ್ ಅನ್ನುತ್ತಿರುತ್ತದೆ, ಎಲ್ಲಾ ಸರಿ ಇದ್ದಂತೆಯೇ ಕಾಣುತ್ತದೆ. ಬಚ್ಚಲಲ್ಲಿ ಕೈ ಒಡ್ಡಿದರೆ ಮಾತ್ರ ಉಗುರುಬೆಚ್ಚಗಿನ ನೀರು. ಇಂಥಲ್ಲಿ ಕೈಯ ಕೆಲಸ ಕಡಿಮೆ, ತಲೆಯ ಕೆಲಸ ಹೆಚ್ಚು. ಬಾಯಿಯ ಕೆಲಸ ಎಲ್ಲಕ್ಕಿಂತ ಹೆಚ್ಚು, ಯಾಕೆಂದರೆ ಗಿರಾಕಿಗೆ ಏನಾದರೂ ಹೇಳಬೇಕಲ್ಲ.

ಆ ಬಾಯಿಯ ಕೆಲಸ ಕಲಿಸಿದವನು ಬಾಪು ಮಿಸ್ತ್ರಿ, ಅಂಗಡಿಯಲ್ಲಿ ನನಗಿಂತ ಹಿರಿಯ. ಅವನ ಕೈ ಎಂಥದ್ದೆಂದರೆ, ಗೋಡೆಯೊಳಗೆ ಹೋದ ಪೈಪನ್ನು ಮೇಲಿನಿಂದ ಸವರಿ, "ಇಲ್ಲಿ ತಿರುವ್ಯದ ನೋಡು" ಅನ್ನುತ್ತಿದ್ದ. ಒಡೆದು ನೋಡಿದರೆ ಅಲ್ಲೇ ತಿರುವಿರುತ್ತಿತ್ತು.

ಒಮ್ಮೆ ಗುಡ್ಡಾಪುರದ ಒಬ್ಬ ಮಾಸ್ತರರ ಮನೆಯಲ್ಲಿ ನಾನು ಗೀಝರ್ ಕೂಡ್ರಿಸಿದ್ದೆ. ಬಚ್ಚಲದ ನಳಕ್ಕೆ ಬರೀ ಬೆಚ್ಚಗಿನ ನೀರು. ಎರಡು ಸಲ ಹೋದೆ, ಕಾವಿನ ತಿರುಗುಣಿಯನ್ನು ಏರಿಸಿ ಬಂದೆ, ಏನೂ ಆಗಲಿಲ್ಲ. ಮೂರನೇ ಸಲ ಬಾಪು ಬಂದ. ಅಂಗೈ ತಿರುವಿ, ಹಿಂಗೈಯಿಂದ ಪೈಪುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದ. ಬಿಸಿ, ತಣ್ಣೀರು ಎರಡೂ ಕೂಡುವ ಹೊಸ ನಮೂನೆಯ ನಳದ ಹತ್ತಿರ ನಿಂತ. ನೀರು ಹಿಂದಕ್ಕೆ ನುಗ್ಗದಂತೆ ಒಂದು ಕಡೆ ಹಾಕಬೇಕಿದ್ದ ತಡೆವಾಲ್ವನ್ನು ನಾನು ಹಾಕಿರಲಿಲ್ಲ. ನಳ ಮುಚ್ಚಿದ್ದಾಗಲೂ ತಣ್ಣೀರು ಒಳಗಿಂದೊಳಗೇ ಬಿಸಿನೀರಿನ ಪೈಪಿಗೆ ನುಗ್ಗುತ್ತಿತ್ತು. ಬಾಪು ಹತ್ತು ನಿಮಿಷದಲ್ಲಿ ಸರಿ ಮಾಡಿ, ಕೈ ಒರೆಸಿಕೊಂಡು, ಮಾಸ್ತರರಿಗೆ, "ನಿಮ್ಮ ಬೋರಿನ ನೀರ ಭಾಳ ಗಡಸ ಅದರಿ ಸರ. ಅದಕ್ಕ ಹಿಂಗ" ಅಂದ. ಮಾಸ್ತರರು, "ಹೌದೇನ್ರಿ" ಎಂದು ನಮ್ಮಿಬ್ಬರಿಗೂ ಅವಲಕ್ಕಿ ಕೊಡಿಸಿದರು.

ಹಾದಿಯಲ್ಲಿ ಬಾಪು ನನಗೆ ಹೇಳಿದ: "ಈರಪ್ಪಾ, ತಪ್ಪ ಆದಾಗ ಕೈ ತಿದ್ದಲಿ, ಬಾಯಿ ಮಾತ್ರ ಒಪ್ಪಬಾರದು. ಒಮ್ಮೆ ಒಪ್ಪಿದಿ ಅಂದ್ರ ಮುಂದ ನಳ ತೊಟ್ಟಿಕ್ಕಿದ್ರೂ ನಿನ್ನ ಹೆಸರೇ."

ಇಬ್ಬರೂ ನಕ್ಕೆವು. ಗಡಸು ನೀರಿನ ಮೇಲೆ ಹೊರಿಸಿದರೆ ನೀರಿಗೇನು ಮಾನ ಹೋಗುತ್ತದೆಯೇ? ಆಗ ನನಗೆ ಇದೊಂದು ಜಾಣತನ ಅನಿಸಿತು. ಮುಂದೆ ವೋಲ್ಟೇಜಿನ ಮೇಲೆ, ಕಂಪನಿಯ ಮೇಲೆ, ಮನೆ ಕಟ್ಟಿದ ಗೌಂಡಿಯ ಮೇಲೆ ಹೊರಿಸುತ್ತ ಹೋದೆ. ಈರಪ್ಪ ಮಿಸ್ತ್ರಿ ಕೂಡ್ರಿಸಿದ್ದಕ್ಕೆ ಎರಡನೇ ಸಲ ಪಾನಾ ಹಚ್ಚುವುದು ಬೇಕಿಲ್ಲ ಎಂಬ ಹೆಸರು ಬಂತು. ಹೆಸರು ಬಂದ ಮೇಲೆ ಅದನ್ನು ಕಾಯುವುದೇ ಒಂದು ಕೆಲಸವಾಯಿತು.

ಈಗ ಕುಣಿಕೋಣೂರಿಗೆ ಬರುತ್ತೇನೆ. ಹನ್ನೆರಡು ವರ್ಷದ ಹಿಂದಿನ ಮಾತು. ಅಲ್ಲಿ ಗೌರವ್ವ ಎಂಬ ಹಿರಿಯಳ ಮನೆ. ಗಂಡ ತೀರಿಕೊಂಡಿದ್ದ, ಮಗ ಮಲ್ಲಪ್ಪ ದಾಳಿಂಬೆ ತೋಟ ನೋಡಿಕೊಳ್ಳುತ್ತಿದ್ದ, ಸೊಸೆ ಸುಜಾತಾ ಬಂದು ಎರಡು ವರ್ಷವಾಗಿತ್ತು. ಉರಿ ಹಾಕಿ ನೀರು ಕಾಯಿಸುವ ಹಳೆಯ ತಾಮ್ರದ ಬಂಬ ತಳ ತೂತಾಗಿ ಹೋಗಿದ್ದರಿಂದ ಹೊಸ ಬಾಯ್ಲರ್ ತರಿಸಿದ್ದರು. ಕರೆಂಟಿನದು, ಎದೆಯೆತ್ತರದ್ದು, ನೆಲದ ಮೇಲೆ ನಿಲ್ಲುವಂಥದ್ದು.

ನಾವು ಅದುವರೆಗೆ ಕೂಡ್ರಿಸುತ್ತಿದ್ದ ಬಾಯ್ಲರುಗಳಿಗೆ ತಣ್ಣೀರು ತಳದಿಂದ ಒಳಗೆ ಹೋಗುತ್ತಿತ್ತು. ಆ ಬಾಯಲ್ಲಿ ಒಂದು ಚೋಟುದ್ದದ ಪ್ಲಾಸ್ಟಿಕ್ ನಳಿಗೆ ಇರುತ್ತಿತ್ತು. ನಮ್ಮ ಭಾಗದ ಬೋರಿನ ನೀರಿಗೆ ವರ್ಷದೊಳಗೆ ಅದರಲ್ಲಿ ಸುಣ್ಣ ಕಟ್ಟಿ, ನೀರು ಸಣ್ಣಗೆ ಬರುತ್ತಿತ್ತು. ಹೀಗಾಗಿ ಪೆಟ್ಟಿಗೆ ಬಿಚ್ಚಿದ ಕೂಡಲೇ ಆ ನಳಿಗೆಯನ್ನು ಎಳೆದು ಒಗೆಯುವುದು ನಮ್ಮ ಅಂಗಡಿಯ ಪದ್ಧತಿ. ಬೇರೆ ಊರಿನ ಮಿಸ್ತ್ರಿಗಳು ಹೀಗೆ ಮಾಡಲಿಕ್ಕಿಲ್ಲ, ನಮ್ಮ ನೀರು ನಮಗೆ ಕಲಿಸಿದ್ದು ಅದು. ತೆಗೆದರೂ ಏನೂ ಕೆಡುತ್ತಿರಲಿಲ್ಲ. ಅಂಥ ನಳಿಗೆಗಳು ಅಂಗಡಿಯ ಹಿಂದೆ ಒಂದು ಚೀಲ ತುಂಬ ಇದ್ದವು.

ಗೌರವ್ವನ ಮನೆಯ ಬಾಯ್ಲರ್ ಬೇರೆ ನಮೂನೆಯದು. ತಣ್ಣೀರು ಒಳಗೆ ಹೋಗುವುದೂ ಬಿಸಿನೀರು ಹೊರಗೆ ಬರುವುದೂ ಎರಡೂ ತಲೆಯ ಮೇಲೆ, ಗೇಣಿನ ಅಂತರದಲ್ಲಿ. ಒಳಗೆ ನಳಿಗೆ ಎರಡು ಮೊಳ ಉದ್ದ ಇತ್ತು. "ಇದೇನು ಇಷ್ಟುದ್ದ ಮಾಡ್ಯಾರ" ಅಂದುಕೊಂಡೆನೇ ಹೊರತು ಯಾಕೆ ಮಾಡಿದ್ದಾರೆಂದು ಯೋಚಿಸಲಿಲ್ಲ. ರೂಢಿಯ ಕೈ, ಎಳೆದು ತೆಗೆಯಿತು, ಸಂಜೆ ಅಂಗಡಿಯ ಚೀಲಕ್ಕೆ ಒಗೆಯಿತು. ಪೆಟ್ಟಿಗೆಯಲ್ಲಿದ್ದ ಪುಸ್ತಕವನ್ನು ಬಿಚ್ಚಲೂ ಇಲ್ಲ.

ನಾಲ್ಕೇ ದಿನಕ್ಕೆ ಕರೆ ಬಂತು. ಚಳಿ ಶುರುವಾಗಿತ್ತು. ಹೋದಾಗ ಗೌರವ್ವ ಪಡಸಾಲೆಯಲ್ಲೇ ಕುಳಿತಿದ್ದಳು.

"ಬಾರಪಾ ಮಿಸ್ತ್ರಿ. ಎಂಥಾ ಮಶೀನ್ ಕೂಡ್ರಿಸಿದ್ಯೋ. ಅರ್ಧಾ ಬಕೀಟ ಚಲೋ ಬರ್ತದ, ಆಮ್ಯಾಲ ಉಗುರಬೆಚ್ಚಗ. ನಾ ಜಳಕ ಮಾಡಿ ಪೂಜಾಕ ಕುಂತ್ರ ಹಲ್ಲ ಕಟಕಟ ಅಂತಾವ."

ಬಾಯ್ಲರಿನ ಮೈ ಮುಟ್ಟಿದೆ, ಕಾದಿತ್ತು. ದೀಪ ಹತ್ತಿತ್ತು. ನಳ ಬಿಟ್ಟೆ, ಅವಳು ಹೇಳಿದ ಹಾಗೆಯೇ ಅರ್ಧ ಬಕೀಟು ಬಿಸಿ, ಮುಂದೆ ಬೆಚ್ಚಗೆ. ನನಗೆ ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಹೇಳಬಹುದಿತ್ತು. "ಅವ್ವಾರ, ತಿಳಿವಲ್ತು, ನಾಳಿ ಬರ್ತೀನ್ರಿ" ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದರ ಬದಲು ಕೇಳಿದೆ: "ಮೊದಲ ಜಳಕ ಯಾರ್ದರಿ?"

"ಸೊಸೀದು. ಜಳಕ ಮಾಡದ ಒಲಿ ಮುಟ್ಟೂದಿಲ್ಲ ನಮ್ಮ ಮನ್ಯಾಗ."

ಸುಜಾತಾ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೆಲ್ಲಗೆ ಅಂದಳು: "ಕಾಕಾರ, ನಾ ಒಂದ ಬಕೀಟ ತಗೋತೀನ್ರಿ. ಒಂದ ಮಾತ ಕೇಳ್ಲಿರಿ? ನಮ್ಮ ತವರಮನಿ ಬಂಬದಾಗ ಲಾಳಕಿಯಿಂದ ಒಂದ ನಳಗಿ ತಳಾ ಮುಟ್ಟೂತನ ಇರ್ತದ. ಮ್ಯಾಲ ತಣ್ಣೀರ ಹಾಕಿದ್ರ ಅದು ತಳಕ್ಕ ಹೋಗಿ, ಬಿಸಿನೀರ ಮ್ಯಾಲಿಂದ ಹೊರಗ ಬರ್ತದ. ಇದರಾಗೂ ಹಂಗ ನಳಗಿ ಅದ ಏನ್ರಿ?"

ನನ್ನ ಕಸುಬಿನ ಮೂವತ್ತೆಂಟು ವರ್ಷದಲ್ಲಿ ನನಗೆ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿಲ್ಲ. ನಾನು ನಕ್ಕೆ.

"ಯವ್ವಾ, ಇದು ಬಂಬ ಅಲ್ಲ, ಬಾಯ್ಲರ್. ಇಂಜಿನೀರ್ ಮಂದಿ ಮಾಡಿದ್ದು."

ಮಲ್ಲಪ್ಪನೂ ನಕ್ಕ. ಗೌರವ್ವನ ಕಡೆ ತಿರುಗಿ ನಾನು, "ಮಶೀನ್ ಚಲೋ ಅದರಿ. ಮೊದಲ ಜಳಕ ಮಾಡೋರು ಸ್ವಲ್ಪ ಕೈ ಹಿಡದ ನೀರ ಬಳಸ್ಬೇಕ್ರಿ, ಅಷ್ಟ" ಅಂದೆ. ಗೌರವ್ವ ಸೊಸೆಯ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಕಂಡಿತು, ಕಂಡಿಲ್ಲ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಚಹಾ ಕುಡಿದು ಬಂದೆ.

ಹದಿನೈದು ದಿನವಾಗಿರಬೇಕು. ಒಂದು ಮುಂಜಾನೆ ನಮ್ಮ ಮನೆಯ ಅಂಗಳದಲ್ಲಿ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತ ಕುಳಿತಿದ್ದೆ. ಊರಿಗೆಲ್ಲ ಬಾಯ್ಲರ್ ಕೂಡ್ರಿಸಿದವನ ಮನೆಯಲ್ಲಿ ಇನ್ನೂ ಬಂಬವೇ, ಹೆಂಡತಿ ಅದನ್ನು ಬಿಡಲು ಒಪ್ಪಿರಲಿಲ್ಲ. ಅವಳು ಒಂದು ಕೊಡ ತಣ್ಣೀರನ್ನು ಲಾಳಿಕೆಗೆ ಸುರಿದಳು, ಆ ಕಡೆಯ ಬಾಯಿಂದ ಹಬೆಯಾಡುವ ನೀರು ಬಕೀಟಿಗೆ ಧೋ ಎಂದು ಬಿತ್ತು. ಹುಟ್ಟಿದಾಗಿನಿಂದ ನೋಡಿದ್ದೆ. ಅವತ್ತು ಕಡ್ಡಿ ಬಾಯಲ್ಲೇ ಉಳಿಯಿತು. ಆ ಎರಡು ಮೊಳದ ನಳಿಗೆ ಇದ್ದದ್ದು ತಣ್ಣೀರನ್ನು ತಳಕ್ಕೆ ಒಯ್ಯಲು. ನಾನು ಅದನ್ನು ತೆಗೆದದ್ದರಿಂದ ತಣ್ಣೀರು ಮೇಲೆಯೇ ಬಿದ್ದು, ಮೇಲಿದ್ದ ಬಿಸಿನೀರಿಗೆ ಕೂಡಿ, ಪಕ್ಕದ ಬಾಯಿಂದ ಹೊರಗೆ ಹೋಗುತ್ತಿತ್ತು. ಮನೆಗೆ ಬಂದು ಎರಡೇ ವರ್ಷವಾದ ಸೊಸೆ ನಿಂತ ನಿಲುವಿನಲ್ಲಿ ಹೇಳಿದ್ದನ್ನು ನಾನು ಹದಿನೈದು ದಿನದ ಮೇಲೆ ಹೆಂಡತಿಯ ಬಂಬ ನೋಡಿ ತಿಳಿದುಕೊಂಡೆ.

ಅವತ್ತೇ ಗೌರವ್ವನ ಎರಡನೇ ಕರೆಯೂ ಬಂತು. ಅಂಗಡಿಯ ಹಿಂದಿನ ಚೀಲದಲ್ಲಿ ಆ ಉದ್ದದ ನಳಿಗೆ ಸಿಕ್ಕಿತು. ಅದನ್ನು ಒಂದು ಹಳೆಯ ಪಂಜೆಯಲ್ಲಿ ಸುತ್ತಿ ಒಯ್ದೆ. ಕೆಲಸದ ಸಾಮಾನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ.

ಬಾಯ್ಲರ್ ಇದ್ದದ್ದು ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ. ಬಾಗಿಲು ಅರೆ ಮುಚ್ಚಿಕೊಂಡು, ಪೈಪು ಬಿಚ್ಚಿ, ನಳಿಗೆ ಇಳಿಸುತ್ತಿದ್ದೆ. ಕಿಟಕಿಯ ಆಚೆ ಸುಜಾತಾ ಬಟ್ಟೆ ಒಣಹಾಕುತ್ತಿದ್ದಳು. ಅರ್ಧ ಒಳಗೆ, ಅರ್ಧ ನನ್ನ ಕೈಯಲ್ಲಿ ನಳಿಗೆ ಇದ್ದಾಗ ಅವಳು ನೋಡಿದಳು. ನಳಿಗೆ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಅವಳು ಸೀರೆಯ ಅಂಚು ಜಗ್ಗಿ ಸರಿ ಮಾಡಿ ಹಗ್ಗದ ಮೇಲೆ ಹಾಕಿದಳು.

ಕರೆಂಟು ಹಾಕಿ, ಕಾಯುವವರೆಗೆ ಕಾದು, ನಳ ಬಿಟ್ಟೆ. ಎರಡು ಬಕೀಟು, ಕೈ ಇಡಲಾಗದಷ್ಟು ಬಿಸಿ. ಗೌರವ್ವ ಮುಟ್ಟಿ ನೋಡಿ, "ಇದು ಖರೇ ನೀರು. ಏನಾಗಿತ್ತೋ ಇದಕ್ಕ? ಇಕೀಗಿ ಬಿಸಿನೀರ ಮುಟ್ಟಬ್ಯಾಡ ಅಂತ ಹೇಳಿ ಹದಿನೈದ ದಿನಾ ಆತು, ಆದ್ರೂ ಬೆಚ್ಚಗ ಬರ್ತಿತ್ತು" ಅಂದಳು.

ಅಂದರೆ, ಆ ಚಳಿಯಲ್ಲಿ ಆ ಹುಡುಗಿ ಹದಿನೈದು ದಿನ ತಣ್ಣೀರು ಹೊಯ್ದುಕೊಂಡಿದ್ದಳು, ನನ್ನ ಒಂದು ಮಾತಿಗೆ. ಅವಳ ತಪ್ಪಿಲ್ಲವೆಂಬುದು ಗೌರವ್ವನಿಗೇ ಅರ್ಧ ತಿಳಿದಿತ್ತು. ನಾನು "ತಪ್ಪು ನಂದರಿ" ಎಂಬ ಎರಡು ಮಾತು ಆಡಿದ್ದರೆ ಉಳಿದರ್ಧವೂ ತಿಳಿಯುತ್ತಿತ್ತು. ಮಲ್ಲಪ್ಪ ಅಲ್ಲೇ ನಿಂತಿದ್ದ. ದರಿಬಡಚಿಯ ಅವನ ಸೋದರಮಾವನ ಹೊಸ ಮನೆಗೆ ನಳದ ಕೆಲಸ ನನಗೇ ಎಂದು ಮಾತಾಗಿತ್ತು. ಆದರೆ ಮುಂದಿನ ಮಾತನ್ನು ಅದಕ್ಕಾಗಿ ಅಂದೆ ಎಂದರೆ ಅದೂ ನೆವವೇ. ನನ್ನ ಹೆಸರು ಎಂಬುದೊಂದಿತ್ತಲ್ಲ, ಅದಕ್ಕಾಗಿ ಅಂದೆ.

"ಕಾವಿನ ತಿರುಗುಣಿ ಇಳಿಸಿಬಿಟ್ಟಿದ್ರು ನೋಡ್ರಿ ಅವ್ವಾರ. ಯಾರೋ ತಿಳಿಲಾರದ ಕೈ ಹಾಕ್ಯಾರ."

ಗಡಸು ನೀರಿನ ಮೇಲೆ ಹೊರಿಸಿದಷ್ಟೇ ಸರಾಗವಾಗಿ ಅಂದುಬಿಟ್ಟೆ. ಮೂರು ಜನರ ಮನೆಯಲ್ಲಿ ಯಾರೋ ಎಂದರೆ ಯಾರು? ಗೌರವ್ವ ಹಿತ್ತಲ ಕಡೆ ಮುಖ ಮಾಡಿ ಕೂಗಿದಳು: "ಕೇಳ್ತೇನ? ಇನ್ನ ಮುಂದ ಈ ಕೋಣಿ ಒಳಗ ಕಾಲಿಡಬ್ಯಾಡ ನೀ. ತಿಳೀದಿದ್ರ ಸುಮ್ನಿರಬೇಕು, ಸಿಟ್ಟಿಗೆ ಮಶೀನ್ ಕೆಡಸೂದಲ್ಲ."

ಸುಜಾತಾ ಕೈಯಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ನನ್ನನ್ನೇ ನೋಡಿದಳು. ನಾನು ಪಾನಾ, ಇಕ್ಕಳಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದೆ. ಇದ್ದದ್ದು ನಾಲ್ಕೇ ಸಾಮಾನು, ಆದರೂ ಭಾಳ ಹೊತ್ತು ತುಂಬಿದೆ.

ದರಿಬಡಚಿಯ ಕೆಲಸ ಸಿಕ್ಕಿತು, ಚಲೋ ಮಾಡಿಕೊಟ್ಟೆ. ಆಮೇಲೆ ತಲೆಯ ಮೇಲೆ ಬಾಯಿ ಇರುವ ಬಾಯ್ಲರ್ ಬಂದಾಗಲೆಲ್ಲ ನಳಿಗೆ ತೆಗೆಯಬಾರದು ಎಂದು ಅಂಗಡಿಯಲ್ಲಿ ಎಲ್ಲರಿಗೂ ತಾಕೀತು ಮಾಡಿದೆ. "ಎಲ್ಲಿ ಕಲಿತಿ?" ಎಂದು ಬಾಪು ಕೇಳಿದ. "ಪುಸ್ತಕದಾಗ ಅದ" ಅಂದೆ. ನೋಡಿರಿ, ಅಲ್ಲಿಯೂ ಸುಜಾತಾಳ ಹೆಸರು ಬಾಯಿಗೆ ಬರಲಿಲ್ಲ.

ಹನ್ನೊಂದು ವರ್ಷ ನಾನು ಆ ಊರಿನ ಕಡೆಯ ಕೆಲಸ ಬೇರೆಯವರಿಗೆ ದಾಟಿಸುತ್ತ ಬಂದೆ. ಹೋದ ವರ್ಷ, ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ, ಮಲ್ಲಪ್ಪನೇ ಅಂಗಡಿಗೆ ಬಂದ. "ಬಾಯ್ಲರಿನ ಕಾಯಿಲ್ ಸುಟ್ಟದ. ಅವ್ವ ನೀವೇ ಬರಬೇಕಂತಾಳ್ರಿ. ನೀವು ಕೈ ಹಚ್ಚಿದ್ದು ಇಷ್ಟ ವರ್ಷ ಅಲಗಲಿಲ್ಲ ಅಂತ." ಆ ಹೊಗಳಿಕೆ ಕೇಳಿ ನನಗೆ ಬೇರೆ ಯಾರನ್ನಾದರೂ ಕಳಿಸಿಬಿಡಬೇಕು ಅನಿಸಿತು. ಆದರೂ ಹೋದೆ.

ಗೌರವ್ವ ಹಣ್ಣಾಗಿದ್ದಳು, ಮಂಚದ ಮೇಲಿದ್ದಳು, ಕಣ್ಣು ಮಾತ್ರ ಅದೇ. ಸುಜಾತಾ ನೀರು ತಂದಿಟ್ಟು ಒಳಗೆ ಹೋದಳು. ಅವಳ ಮಗಳು, ಐದನೇ ತರಗತಿಯಲ್ಲಿ ಓದುವವಳು, ಕೋಣೆಯ ಬೀಗ ತೆಗೆದು ಕೊಟ್ಟಳು. ಬಾಯ್ಲರ್ ಕೋಣೆಗೆ ಬೀಗ ಯಾಕೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. ಅಜ್ಜಿ ಗೌರವ್ವನನ್ನು ಅವಳು ಆಯಿ ಅನ್ನುತ್ತಿದ್ದಳು.

"ಕೀಲಿ ನನ್ನ ಕಡೆ ಇರ್ತದ್ರಿ ಅಜ್ಜಾ. ಅವ್ವ ಒಳಗ ಬರಬಾರದು. ಅವ್ವಗ ಮಶೀನ್ ತಿಳಿಯೂದಿಲ್ಲ, ಮುಟ್ಟಿದ್ರ ಕೆಡತದ ಅಂತಾಳ ಆಯಿ."

"ಮತ್ತ ನಿಮ್ಮವ್ವ ಜಳಕಕ್ಕ?"

"ಅವ್ವ ತಣ್ಣೀರೇ ಹೊಯ್ಕೋತಾಳ್ರಿ. ಮೊದಲಿಂದಾನೂ."

ಮಗು ಇದನ್ನು, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂಬಂತೆ ಹೇಳಿತು. ಸರಿಯಾಗಿ ಯೋಚಿಸಿದ್ದ ಒಬ್ಬಳೇ ಹೆಂಗಸನ್ನು ಅವಳ ಹೊಟ್ಟೆಯ ಮಗಳೇ ದಡ್ಡಿ ಎಂದು ತಿಳಿದಿದ್ದಳು. ಅದನ್ನು ಕಲಿಸಿದವನು ನಾನು. ಹೊಸ ಕಾಯಿಲ್ ಕೂಡ್ರಿಸಿದೆ. ನಟ್ಟು ಎರಡು ಸಲ ಬಿತ್ತು, ಮಗಳೇ ಆರಿಸಿ ಕೊಟ್ಟಳು.

ಪಡಸಾಲೆಗೆ ಬಂದು ಕುಳಿತೆ. "ಸುಜಾತವ್ವನ್ನ ಕರೀರಿ" ಅಂದೆ. ಅವಳು ಬಂದು ಕಂಬದ ಹತ್ತಿರ ನಿಂತಳು. ಎಲ್ಲರ ಎದುರಿಗೆ ಹೇಳಿದೆ. ನಳಿಗೆ ತೆಗೆದದ್ದು ನಾನು, ಅದನ್ನು ಮೊದಲ ದಿನವೇ ಕಂಡುಹಿಡಿದವಳು ಇವಳು, ಕದ್ದುಮುಚ್ಚಿ ತಂದು ಹಾಕಿದ್ದು ನಾನು, ತಿರುಗುಣಿಯ ಮಾತು ಸುಳ್ಳು. ಸುಜಾತಾ ಯಾವತ್ತೂ ಏನನ್ನೂ ಕೆಡಿಸಿಲ್ಲ, ಕೆಡಿಸಿದವನು ನಾನು.

ಗೌರವ್ವ ಮಂಚದ ಅಂಚು ಹಿಡಿದು ಎದ್ದು ಕುಳಿತಳು. ಆಮೇಲೆ, "ಹನ್ನೊಂದು ವರ್ಷ ಬೇಕಾತೇನೋ ನಿನಗ ಇಷ್ಟ ಹೇಳಾಕ?" ಅಂದಳು. ಬೈದಿದ್ದರೆ ಚಲೋ ಇತ್ತು. ಅವಳ ದನಿಯೇ ಇಳಿದು ಹೋಗಿತ್ತು. "ನನ್ನ ಕೈಲೆ ಇಂಥಾ ಕೆಲಸ ಮಾಡಿಸಿದೆಲ್ಲೊ."

ಮಲ್ಲಪ್ಪ ನೆಲ ನೋಡುತ್ತ ಕುಳಿತ. ಮೊದಲ ದಿನ ನನ್ನ ಜೊತೆ ನಕ್ಕವನು ಅವನು, ಅವನಿಗೂ ನೆನಪಿದ್ದಿರಬೇಕು.

ನಾನು ಸುಜಾತಾಳ ಕಡೆ ಕೈ ಮುಗಿದೆ. ಅವಳಿಂದ "ಇರ್ಲಿ ಬಿಡ್ರಿ ಕಾಕಾರ" ಎಂಬ ಮಾತು ಬಂದೀತೆಂದು ಆಸೆ ಇತ್ತು. ಇಲ್ಲವೆಂದರೆ ಹೇಗೆ, ಅದೇ ಆಸೆಯಿಂದಲೇ ಬಾಯಿ ಬಿಟ್ಟಿದ್ದೆ. ಅವಳು ಅಂದದ್ದು ಬೇರೆ.

"ಅವತ್ತ ನೀವು ಹೇಳ್ತೀರಿ ಅಂತ ಕಾದೆ. ನೀವು ಊರ ಅಗಸಿ ದಾಟೂತನಾ ನೋಡಿದೆ. ಬ್ಯಾರೆ ಮಂದಿ ಎದುರಿಗೆ ಹೇಳಾಕ ನಾಚಿಕಿ ಆಗಿರಬೇಕು, ಫೋನ್ ಮಾಡಿ ಹೇಳ್ತಾರ ಅಂತ ಮತ್ತೂ ಎರಡ ದಿನಾ ಕಾದೆ. ಆಮ್ಯಾಲ ಬಿಟ್ಟೆ." ನೀರಿನ ತಂಬಿಗೆ ಎತ್ತಿಕೊಂಡು, "ಚಹಾ ಮಾಡ್ತೀನಿ, ಕುಂದ್ರಿ" ಎಂದು ಒಳಗೆ ಹೋದಳು. ಚಹಾ ತಂದುಕೊಟ್ಟಳು, ಕುಡಿದೆ. ಬಿಸಿ ಇತ್ತು.

ಹೊಸಬರಿಗೆ ಇಷ್ಟೇ ಹೇಳುವುದು. ಉಗುರುಬೆಚ್ಚಗಿನ ನೀರಿನ ಕರೆ ಬಂದರೆ ತಣ್ಣೀರು ಎಲ್ಲಿಂದ ಒಳಗೆ ಹೋಗುತ್ತದೆ ಎಂದು ಮೊದಲು ನೋಡಿರಿ. ಆ ಮನೆಯಲ್ಲಿ ನೀರು ಕಾಯಿಸುವವರು ಏನನ್ನುತ್ತಾರೆ ಎಂಬುದನ್ನು ಅದಕ್ಕೂ ಮೊದಲು ಕೇಳಿರಿ. ತಪ್ಪು ನಿಮ್ಮದಾದರೆ ಆ ಅಂಗಳದಲ್ಲೇ, ಅವತ್ತೇ ಒಪ್ಪಿಕೊಳ್ಳಿರಿ. ನೀವು ಸುಮ್ಮನೆ ಬಂದರೆ ಅದನ್ನು ಹೊರುವವರು ಅದೇ ಮನೆಯಲ್ಲಿ ಬಾಳಬೇಕಾಗಿರುತ್ತದೆ.

ಒಂದು ವಾರ ಬಿಟ್ಟು ಆ ಮನೆಗೆ ಫೋನ್ ಮಾಡಿದೆ, ನೀರು ಹೇಗೆ ಬರುತ್ತದೆ ಎಂದು ಕೇಳುವ ನೆವದಲ್ಲಿ. ಮಗಳು ಎತ್ತಿದಳು.

"ಭಾಳ ಬಿಸಿ ಬರ್ತದ್ರಿ ಅಜ್ಜಾ. ಕೋಣಿ ಕೀಲಿ ಆಯಿ ಅವ್ವಗ ಕೊಟ್ಟಾಳ್ರಿ."

"ಚಲೋ ಆತವ್ವಾ. ಅವ್ವ ಬಿಸಿನೀರ ಜಳಕಾ ಮಾಡ್ತಾಳ?"

"ಇಲ್ಲರಿ. ಆಯಿ ದಿನಾ ಮುಂಜಾನಿ ತಾನ ಎದ್ದು, ಗ್ವಾಡಿ ಹಿಡಕೊಂಡು ಹೋಗಿ, ಅವ್ವಗ ಒಂದ ಬಕೀಟ ಬಿಸಿನೀರ ತುಂಬಿ ಇಡ್ತಾಳ್ರಿ. ಅವ್ವ ತಣ್ಣೀರ ಹೊಯ್ಕೊಂಡು ಹೊರಗ ಬರ್ತಾಳ. ಬಕೀಟ ಅಲ್ಲೇ ಆರಿ ಹೋಗ್ತದ."

ಆ ಕಡೆ ಮಗು, "ಅಜ್ಜಾ? ಅದೀರೇನ್ರಿ?" ಅನ್ನುತ್ತಿತ್ತು.

"ಅದೀನವ್ವಾ," ಅಂದೆ. "ನಾಳಿನೂ ಇಡಂತ ಹೇಳು ಆಯಿಗೆ."